ಅರ್ಥವಿಲ್ಲದ ಹಾಡು ಯಾವುದು?

ಕುಷ್ಟಗಿ ಕಡೆ ಮದುವೆಯ ಮೆರವಣಿಗೆ ಇರಲಿ, ಗಣೇಶನ ವಿಸರ್ಜನೆ ಇರಲಿ, ಡಿಜೆ ಇಲ್ಲದೆ ಮುಗಿಯುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಆಳೆತ್ತರದ ಸ್ಪೀಕರ್ ಏರಿಸಿ ಹಾಡು ಹಚ್ಚಿದರೆ ಓಣಿಯ ತಗಡಿನ ಬಾಗಿಲುಗಳೂ ನಡುಗುತ್ತವೆ. ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠ ಮಾಡಬೇಕಾದ ಪ್ರಶಿಕ್ಷಣಾರ್ಥಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು. ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ, “ಡಿಜೆ ಮುಂದ ನಿಂತಾಗ ಏನಾಗತೈತಿ?” ಎಂಬುದು. “ಎದಿಯಾಗ ದಡ್ ದಡ್ ಅಂತೈತ್ರಿ ಸರ” ಎಂದು ಹಿಂದಿನ ಬೆಂಚು ಹೇಳಿತು. ಕಂಪನಕ್ಕೆ ಇಷ್ಟು ಹತ್ತಿರದ ವಿವರಣೆಯನ್ನು ನಾನು ಪಾಠಯೋಜನೆಯಲ್ಲಿ ಬರೆದಿರಲಿಲ್ಲ.

ಮರುದಿನದ ಚಟುವಟಿಕೆ ಸರಳವಾಗಿತ್ತು. ಡಬ್ಬಿಯ ಬಾಯಿಗೆ ಬಲೂನಿನ ಹಾಳೆ ಬಿಗಿದು, ಮೇಲೆ ಸಾಸಿವೆ ಉದುರಿಸಿ, ಪಕ್ಕದಲ್ಲಿ ಪುಟ್ಟ ಸ್ಪೀಕರ್ ಇಟ್ಟು ಹಾಡು ಹಚ್ಚುವುದು. ಸಾಸಿವೆ ಕುಣಿದರೆ ಶಬ್ದ ಕಣ್ಣಿಗೆ ಕಂಡಂತೆ. ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು, ಯಾವ ಹಾಡು ಬೇಕೆಂದು ಮಕ್ಕಳನ್ನೇ ಕೇಳಿದೆ. ಬಹುಮತದಿಂದ ಆರಿಸಿ ಬಂದದ್ದು ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’. ಸಾಸಿವೆ ಕುಣಿಯಿತು, ಮಕ್ಕಳೂ ಕುಳಿತಲ್ಲೇ ಕುಣಿದರು. ಸದ್ದು ಏರಿಸಿದಾಗ ಪಾರ ಹೆಚ್ಚುವುದನ್ನು, ಸಾಸಿವೆ ಇನ್ನಷ್ಟು ಎತ್ತರಕ್ಕೆ ಹಾರುವುದನ್ನು ಅವರೇ ಗುರುತಿಸಿದರು. ಪಾಠದ ಉದ್ದೇಶ ಅಲ್ಲಿಗೆ ಈಡೇರಿತ್ತು.

ಆಗ ಒಬ್ಬಳು ಕೇಳಿದಳು: “ಸರ, ಇದು ಯಾವ ಭಾಷಾರೀ?” ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ ಉತ್ತರಿಸಿದ: “ಅದಕ್ಕ ಅರ್ಥ ಇಲ್ಲಲೇ, ಸುಮ್ನ ಒದರತಾರ.” ಮತ್ತೊಬ್ಬ, ವಿಡಿಯೊದಲ್ಲಿ ಕುಣಿಯುವವರ ಗುಂಗುರು ಕೂದಲನ್ನು ಕೈಸನ್ನೆಯಲ್ಲಿ ತೋರಿಸಿದ. ತರಗತಿ ನಕ್ಕಿತು.

ಮುಂದಿನ ಅವಧಿಯ ಹತ್ತು ನಿಮಿಷ ಆ ನಗೆಗೇ ಮೀಸಲಾಯಿತು. ‘ಸಲಗ’ 2021ರಲ್ಲಿ ತೆರೆಕಂಡ ಚಿತ್ರ. ದುನಿಯಾ ವಿಜಯ್ ನಿರ್ದೇಶನ, ಚರಣ್ ರಾಜ್ ಸಂಗೀತ. ಈ ಹಾಡನ್ನು ಹಾಡಿದವರು ರಂಗಕಲಾವಿದೆ ಗಿರಿಜಾ ಸಿದ್ದಿ ಮೊದಲಾದ ಸಿದ್ದಿ ಕಲಾವಿದರು. ಸಿದ್ದಿಯರು ದೂರದವರಲ್ಲ. ಗದಗ, ಹುಬ್ಬಳ್ಳಿ ದಾಟಿ ಯಲ್ಲಾಪುರದ ಬಸ್ಸು ಹತ್ತಿದರೆ ಅವರ ಊರುಗಳು ಸಿಗುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರು. ಪೋರ್ಚುಗೀಸರು 16ನೆಯ ಶತಮಾನದಿಂದ ಆಫ್ರಿಕಾದ ಪೂರ್ವ ಭಾಗದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಚರ್ಮ ಬಿಗಿದ ಡಮಾಮಿಯ ಬಡಿತಕ್ಕೆ ಮೂವರ ಹೆಜ್ಜೆಯೂ ಒಂದೇ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಮ್ಮ ನೆರೆಯ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ದೊಡ್ಡ ಮಂತ್ರಿಯಾಗಿದ್ದ ಎಂದಾಗ, ಕೂದಲು ತೋರಿಸಿ ನಗಿಸಿದ ಹುಡುಗನೇ “ಹೌದೇನ್ರೀ?” ಎಂದು ಮುಂದೆ ಬಾಗಿದ.

ಈ ಕಥೆಗೆ ಇನ್ನೊಂದು ದಡವಿದೆ. ಗೋವೆಗೆ ಹಡಗು ಬಂದಂತೆಯೇ, ಪಶ್ಚಿಮ ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪಗಳಿಗೂ ಗುಲಾಮರ ಹಡಗುಗಳು ಹೋದವು. ಕಬ್ಬಿನ ತೋಟಗಳಲ್ಲಿ ಒಡೆಯರ ಇಂಗ್ಲಿಷ್ ಮತ್ತು ಆಫ್ರಿಕಾದ ನುಡಿಗಳು ಕೂಡಿ ಅಲ್ಲಿ ಹೊಸ ಆಡುಮಾತು ಹುಟ್ಟಿತು. ಜಮೈಕಾದಲ್ಲಿ ಅದನ್ನು ಪಾಟ್ವಾ ಎನ್ನುತ್ತಾರೆ. 1970ರ ದಶಕದ ಕೊನೆಗೆ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಬೀದಿಯಲ್ಲಿ ಪೇರಿಸಿಟ್ಟ ಸ್ಪೀಕರ್‌ಗಳ ಮುಂದೆ, ಈ ಮಾತಿನಲ್ಲೇ ‘ಡ್ಯಾನ್ಸ್‌ಹಾಲ್’ ಎಂಬ ಸಂಗೀತ ಬೆಳೆಯಿತು. ನಮ್ಮ ಟ್ರ್ಯಾಕ್ಟರ್ ಡಿಜೆಗೆ ಅದು ದೊಡ್ಡಣ್ಣ ಎನ್ನಬಹುದು. ಅದರ ದಿಕ್ಕು ಬದಲಿಸಿದ 1985ರ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹುಟ್ಟಿದ್ದು ಕ್ಯಾಸಿಯೊ ಕಂಪನಿಯ ಪುಟ್ಟ ಕೀಬೋರ್ಡಿನೊಳಗೆ ಮೊದಲೇ ಇದ್ದ ಒಂದು ತಾಳದಿಂದ. ಬಾರ್ಬಡೋಸ್ ದ್ವೀಪದ ರಿಹಾನಾ 2016ರಲ್ಲಿ ಅದೇ ಲಯದಲ್ಲಿ, ಕೆರಿಬಿಯನ್ ಆಡುಮಾತು ಬೆರೆಸಿ ‘ವರ್ಕ್’ ಹಾಡಿದಾಗ ಅಮೆರಿಕದ ಪ್ರಮುಖ ಪಟ್ಟಿಯಲ್ಲಿ ಅದು 9 ವಾರ ಮೊದಲ ಸ್ಥಾನದಲ್ಲಿತ್ತು. ಆದರೂ ಅನೇಕ ಕೇಳುಗರು ಆಡಿದ ಮಾತು ನಮ್ಮ ತರಗತಿಯದೇ: ಇದಕ್ಕೆ ಅರ್ಥವಿಲ್ಲ, ಸುಮ್ಮನೆ ಗೊಣಗು. ಕುಣಿಯಲು ಹಾಡು ಬೇಕು, ಹಾಡಿದವರ ಮಾತು ಮಾತ್ರ ಮಾತಲ್ಲ.

ಇದನ್ನೆಲ್ಲ ಚಿಕ್ಕದಾಗಿ ಹೇಳಿ, ತೊಟ್ಟಿಲು ತೂಗುವಾಗಿನ ‘ಜೋ ಜೋ’ಗೆ ನಿಘಂಟಿನಲ್ಲಿ ಏನು ಅರ್ಥ ಎಂದು ಕೇಳಿದೆ. ಯಾರೂ ಉತ್ತರಿಸಲಿಲ್ಲ. ಆಮೇಲೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು. ತಾಂಡಾದಿಂದ ಬರುವವಳು; ಮನೆಮಾತು ಲಂಬಾಣಿ. ಎಂಟು ಪಾಠಗಳಲ್ಲಿ ಆಕೆಯ ದನಿಯನ್ನು ನಾನು ಹಾಜರಿ ಕರೆಯುವಾಗ ಮಾತ್ರ ಕೇಳಿದ್ದೆ. “ನಾವು ದೀಪಾವಳಿಗೆ ಮೇರಾ ಹಾಡ್ತೀವ್ರಿ ಸರ. ಅದಕ್ಕೂ ಇವ್ರು ಅರ್ಥ ಇಲ್ಲ ಅಂತಾರ್ರಿ” ಎಂದಳು. ದೂರಿನ ದನಿಯಲ್ಲ, ಮಾಹಿತಿ ಕೊಡುವ ದನಿ. ಈ ಸಲ ಯಾರೂ ನಗಲಿಲ್ಲ.

ಹಾಡೆಂದು ನಾನು ಒತ್ತಾಯಿಸಲಿಲ್ಲ. ತಾಳ ಮಾತ್ರ ತೋರಿಸುತ್ತೀಯಾ ಎಂದೆ. ಆಕೆ ಬೆಂಚಿನ ಮೇಲೆ ಬಡಿದಳು, ಉಳಿದವರು ಗಡಿಯಾರ ನೋಡಿ ಎಣಿಸಿದರು. 30 ಸೆಕೆಂಡಿಗೆ 45 ಬಡಿತ. ಎಂದರೆ ಸೆಕೆಂಡಿಗೆ 1.5, ಆವೃತ್ತಿ 1.5 ಹರ್ಟ್ಸ್. ಕೂಡಲೇ ಒಬ್ಬ ಕೇಳಿದ: “ಮನುಷ್ಯಾರಿಗೆ 20 ಹರ್ಟ್ಸ್‌ಗಿಂತ ಕಡಿಮಿ ಕೇಳಂಗಿಲ್ಲ ಅಂದ್ರಲ್ರೀ, ಮತ್ತ ಇದು ಹೆಂಗ ಕೇಳತೈತಿ?” ಪಾಠಯೋಜನೆಯಲ್ಲಿ ಎಷ್ಟು ಯೋಚಿಸಿದರೂ ಹೊಳೆಯದ ಪ್ರಶ್ನೆ ಅದು. 1.5 ಎಂಬುದು ಬಡಿತಗಳ ಲೆಕ್ಕ. ಪ್ರತಿ ಬಡಿತಕ್ಕೂ ಬೆಂಚಿನ ಹಲಗೆ ಸೆಕೆಂಡಿಗೆ ನೂರಾರು ಸಲ ಕಂಪಿಸುವ ವೇಗದಲ್ಲಿ ನಡುಗುತ್ತದೆ, ಕಿವಿ ಕೇಳುವುದು ಆ ನಡುಕವನ್ನು. ತಾಳದ ಆವೃತ್ತಿ ಬೇರೆ, ಧ್ವನಿಯ ಆವೃತ್ತಿ ಬೇರೆ. ಈ ವ್ಯತ್ಯಾಸವನ್ನು ಮಕ್ಕಳು ಕಲಿತದ್ದು ಆಕೆಯ ಬೆರಳುಗಳಿಂದ.

ಅಂದಿನಿಂದ ಆಕೆ ಮಾತಿನ ಮಲ್ಲಿಯಾದಳು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಅವಧಿ ಮುಗಿಯುವುದರೊಳಗೆ ಇನ್ನೆರಡು ಸಲ ಕೈ ಎತ್ತಿದಳು, ಅಷ್ಟೆ. ಆದರೆ ಎಂಟು ಪಾಠಗಳ ಮೌನಕ್ಕೆ ಕಾರಣ ವಿಜ್ಞಾನವಲ್ಲ ಎಂಬುದು ಸ್ಪಷ್ಟವಾಯಿತು. ತನ್ನ ಮನೆಮಾತಿಗೆ ಅರ್ಥವಿಲ್ಲ ಎಂದು ದಿನವೂ ಕೇಳುವ ಮಗು, ‘ಆವೃತ್ತಿ’ಯ ಅರ್ಥ ಹೇಳಲು ಏಕೆ ಬಾಯಿ ತೆರೆದೀತು? ‘ಎದಿಯಾಗ ದಡ್ ದಡ್’ ಎಂದ ಹುಡುಗನ ಮಾತನ್ನು ಪಟ್ಟಣದವರು ಒರಟು ಎನ್ನುತ್ತಾರೆ. ಆ ಹುಡುಗರು ತಾಂಡಾದ ಮಾತಿಗೆ ನಗುತ್ತಾರೆ. ನಗೆ ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅದನ್ನು ತಡೆಯಬಹುದಾದ ಜಾಗ ತರಗತಿ.

ಪ್ರಮಾಣಿತ ಪದ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ‘ಕಂಪನ’ ಎಂದೇ ಬರೆಯಬೇಕು, ಅದನ್ನು ಕಲಿಸುವುದು ನಮ್ಮ ಕೆಲಸ. ಆದರೆ ಆ ಪದಕ್ಕೆ ದಾರಿ ಮಗುವಿನ ಮಾತಿನ ಮೂಲಕವೇ ಹೋಗಬೇಕು. ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ನಾವೆಲ್ಲ ಬರೆಯುವುದು ಒಂದೇ ಸಾಲು: ವಿದ್ಯಾರ್ಥಿಗಳಿಗೆ ಶಬ್ದದ ಬಗ್ಗೆ ತಿಳಿದಿದೆ. ಈಗ ನಾನು ಅಲ್ಲಿ ಮಕ್ಕಳು ಆಡಿದ ಪದಗಳನ್ನೇ ಬರೆಯುತ್ತೇನೆ, ಅವು ಯಾರ ಮನೆಮಾತಿನವು ಎಂಬುದನ್ನೂ ಪಕ್ಕದಲ್ಲಿ ಗುರುತಿಸುತ್ತೇನೆ. ಅಂಕಣ ಚಿಕ್ಕದು, ಸಾಲದಿದ್ದರೆ ಹಿಂಬದಿಯ ಹಾಳೆ ಖಾಲಿಯೇ ಇರುತ್ತದೆ.