ಮಾಮಾನ ಕ್ಲಾರಿಯೋನೆಟ್ಟು

ಮೊನ್ನೆ ದೇವದುರ್ಗಕ್ಕೆ ಮಾಮಾನ ಮನೆಗೆ ಹೋಗಿದ್ದೆ. "ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿಕೊಡಪಾ, ನಮ್ಮ ಕೈಲಿ ಆಗೂದಿಲ್ಲ" ಅಂದಳು ಅತ್ತಿ. ಇಳಿಸಿದೆ. ಒಳಗೆ ಹಳೇ ಹಾಸಿಗೆ ಹೊದಿಕೆಗಳ ಕೆಳಗೆ, ಧೋತರದಲ್ಲಿ ಸುತ್ತಿಟ್ಟ ಐದು ಕರೀ ತುಂಡುಗಳು. ಮಾಮಾನ ಕ್ಲಾರಿಯೋನೆಟ್ಟು!

ಮಾಮಾ ಮದುವೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ. ಬಾಜಾದವರು ಅಂತೀವಲ್ಲ, ಅವರು. ಕೆಂಪು ಕೋಟು, ಭುಜದ ಮೇಲೆ ಜರಿ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಮಾನ್ವಿಯಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ಅವನ ಬ್ಯಾಂಡು ನಮ್ಮೂರಿನ ಒಂದು ಮದುವೆಗೆ ಬಂತು. ಮೆರವಣಿಗೆ ನೋಡಲು ಗೆಳೆಯರ ಜೊತೆ ನಿಂತಿದ್ದೆ. ಮಾಮಾ ನನ್ನನ್ನು ಕಂಡ. ಬಾಯಲ್ಲಿ ವಾದ್ಯ, ಮಾತಾಡೋ ಹಾಗಿಲ್ಲ, ಹುಬ್ಬು ಹಾರಿಸಿದ. ಪಕ್ಕದವನು ಕೇಳಿದ, "ಅವ್ರು ನಿಮ್ಮ ಮಾಮಾ ಅಲ್ಲೇನಲೇ?"

"ಅಲ್ಲ" ಅಂದೆ. ಸ್ವಲ್ಪ ಜೋರಾಗೇ ಅಂದೆ.

ಅವತ್ತು ರಾತ್ರಿ ಮಾಮಾ ನಮ್ಮ ಮನೆಗೆ ಬಂದ. ಬಾಜಾದವರ ಪಂಕ್ತಿ ಎಲ್ಲರದ್ದೂ ಆದ ಮೇಲೆ, ಗೊತ್ತಲ್ಲ. ತನ್ನ ಎಲೆಗೆ ಬಡಿಸಿದ್ದ ಎರಡು ಲಾಡು ಪೇಪರಿನಲ್ಲಿ ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟ. ನಾನು ತಿಂದೆ. ಅಷ್ಟೇ.

ಆಮೇಲೆ ಕಾಲೇಜಿಗೆ ಅಂತ ರಾಯಚೂರಿಗೆ ಬಂದೆ. ಒಂದು ಸಂಜೆ ಚಹಾ ಅಂಗಡಿಯ ರೇಡಿಯೋದಲ್ಲಿ ಏನೋ ಬರುತ್ತಿತ್ತು. ಮೊದಲು ಶಹನಾಯಿ ಅಂದುಕೊಂಡೆ. ಶಹನಾಯಿ ಅಲ್ಲ, ಅದಕ್ಕಿಂತ ದುಂಡಗಿನ ದನಿ. ಮಂದ್ರದಲ್ಲಿ ಯಾರೋ ಎದೆಯಿಂದ ಹಾಡಿದ ಹಾಗೆ. ಮುಗಿದ ಮೇಲೆ ಹೇಳಿದರು: ಕ್ಲಾರಿಯೋನೆಟ್, ಪಂಡಿತ್ ನರಸಿಂಹಲು ವಡವಾಟಿ. ನನ್ನ ಚಹಾ ತಣ್ಣಗಾಗಿತ್ತು. ಕ್ಲಾರಿಯೋನೆಟ್ಟಾ? ಮಾಮಾ ಬಾರಿಸೋದಾ?

ಹೌದು, ಅದೇ. ವಡವಾಟಿ ರಾಯಚೂರಿನ ಹತ್ತಿರದ್ದೇ ಹಳ್ಳಿ. ಅವರು 1942ರಲ್ಲಿ ಹುಟ್ಟಿದವರು. ಸಂಗೀತ ಕಲಿತದ್ದು ಪಂಡಿತ್ ಸಿದ್ಧರಾಮ ಜಂಬಲದಿನ್ನಿಯವರ ಹತ್ತಿರ. ರಾಯಚೂರಿನ ರಂಗಮಂದಿರಕ್ಕೆ ಹೆಸರಿದೆಯಲ್ಲ, ಅದೇ ಜಂಬಲದಿನ್ನಿ, ವಚನಗಳನ್ನು ಹಾಡಿ ಮನೆಮಾತಾದವರು. ಗುರು ಗಾಯಕರು, ಶಿಷ್ಯ ಊದುವವರು. ಹಾಡಿದ್ದನ್ನು ಊದಿ ತೋರಿಸಬೇಕು. ಇದು ಎಷ್ಟು ಕಷ್ಟ ಅಂತ ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಮಾಮಾನೇ ಹೇಳಿಕೊಟ್ಟ.

ಈ ವಾದ್ಯ ಹುಟ್ಟಿದ್ದು ಜರ್ಮನಿಯಲ್ಲಿ, 1700ರ ಆಸುಪಾಸಿಗೆ. ಮೊಜಾರ್ಟ್ ತಾನು ಸಾಯುವ ವರ್ಷ, 1791ರಲ್ಲಿ, ಇದಕ್ಕಾಗಿಯೇ ಒಂದು ಕಾನ್ಸರ್ಟೋ ಬರೆದ. ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಇದಕ್ಕೆ ಕಾಯಂ ಕುರ್ಚಿ. ಅಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಬರಬೇಕು. ನಮ್ಮಲ್ಲಿ ಹಾಗಲ್ಲ, ರಿಷಭದಿಂದ ಗಾಂಧಾರಕ್ಕೆ ಜಾರಬೇಕು, ನಡುವೆ ಕಡಿಯಬಾರದು. ಗರ್ಶ್ವಿನ್ 1924ರ 'ರಾಪ್ಸಡಿ ಇನ್ ಬ್ಲೂ' ಶುರುವಾಗುವುದೇ ಕ್ಲಾರಿಯೋನೆಟ್ಟಿನ ಒಂದು ಉದ್ದನೆಯ ಜಾರಿಕೆಯಿಂದ. ಇವತ್ತಿಗೂ ಅದನ್ನು ಕೇಳಿ ಬೆರಗಾಗುತ್ತಾರೆ. ನಮ್ಮ ರಾಗದಲ್ಲಿ ಅಂಥದ್ದು ಉಸಿರಿಗೊಂದು ಬೇಕು!

ಇನ್ನೊಂದು ತೊಡಕಿದೆ. ಕೊಳಲಿನಲ್ಲಿ ಅದೇ ಬೆರಳಿಟ್ಟು ಬಿಗಿಯಾಗಿ ಊದಿದರೆ ಮಧ್ಯದ ಸಾ ತಾರದ ಸಾ ಆಗುತ್ತದೆ. ಇದರಲ್ಲಿ ಹಿಂದಿನ ಕೀಲಿ ಒತ್ತಿದರೆ ಸಾ ಹೋಗಿ ತಾರದ ಪಂಚಮ ಬರುತ್ತದೆ. ಅಂದರೆ ಮೇಲಿನ ಸ್ಥಾಯಿಗೆ ಬೆರಳುಗಳ ಲೆಕ್ಕವೇ ಬೇರೆ. ಎರಡರ ನಡುವೆ ಒಂದು ಬಿರುಕು. ಕಲಿಯುವವರೆಲ್ಲ ಎಡವುವುದು ಅಲ್ಲೇ. ಆ ಬಿರುಕು ಕಾಣದ ಹಾಗೆ ದಾಟಬೇಕು. ತೂತಿನ ಮೇಲಿನ ಬೆರಳನ್ನು ಎತ್ತದೆ ಮೆಲ್ಲಗೆ ಸರಿಸಬೇಕು, ತುಟಿ ಸಡಿಲ ಬಿಡಬೇಕು. ಪರದೇಶದ ವಾದ್ಯದ ಬಾಯಿಂದ ಗಮಕ ಹೊರಡಿಸಲು ಇಷ್ಟೆಲ್ಲ ಪಾಡು.

ಮಾಮಾ ಇದನ್ನೆಲ್ಲ ಯಾರ ಹತ್ತಿರವೂ ಕೂತು ಕಲಿತವನಲ್ಲ. ಸಿನಿಮಾ ಹಾಡು ನಾಲ್ಕು ಸಲ ಕೇಳಿ ಬೆರಳಿಗೆ ಇಳಿಸಿಕೊಳ್ಳುತ್ತಿದ್ದ. ವಡವಾಟಿಯವರ ಮಾತು ತೆಗೆದರೆ ಸಾಕು, ಕಿವಿ ಮುಟ್ಟಿಕೊಳ್ಳುತ್ತಾನೆ. "ವಾದ್ಯ ಒಂದಽ ಅಳಿಯಾ. ನಾವು ಅದನ್ನ ಓಣ್ಯಾಗ ನಿಲ್ಲಿಸಿದ್ವಿ. ಅವರು ಒಳಗ ಕರ್ಕೊಂಡು ಹೋಗಿ ಚಾಪಿ ಹಾಸಿ ಕೂಡಿಸಿದ್ರು."

ಟ್ರಂಕಿನಿಂದ ತೆಗೆದ ತುಂಡುಗಳನ್ನು ಅವನ ಮುಂದಿಟ್ಟೆ. ಕಾರ್ಕು ಒಣಗಿ ಉದುರುತ್ತಿತ್ತು. ಎರಡು ಕೀಲಿ ಅಂಟಿಕೊಂಡಿದ್ದವು. ಒಂದಕ್ಕೊಂದು ಜೋಡಿಸಿದ. ಕೈ ಮರೆತಿರಲಿಲ್ಲ.

"ಒಂದೀಟು ಊದಲ್ಲ ಮಾಮಾ" ಅಂದೆ.

ನಕ್ಕ. ಆಗ ನೋಡಿದೆ, ಮೇಲಿನ ಮುಂದಿನ ಹಲ್ಲು ಮೂರೂ ಇಲ್ಲ. ಕ್ಲಾರಿಯೋನೆಟ್ಟು ಹಿಡಿಯಬೇಕಾದದ್ದು ಆ ಹಲ್ಲುಗಳೇ. ಅವಿಲ್ಲದೆ ವಾದ್ಯ ಬಾಯಲ್ಲಿ ನಿಲ್ಲುವುದಿಲ್ಲ. ಕಟ್ಟಿಸಿದ ಹಲ್ಲಿಗೆ ದುಡ್ಡು ಕೊಡ್ತೀನಿ ಅಂದೆ. "ಈಗ ಯಾಕಽ ಬಿಡೋ, ಮದುವಿಗೆ ಡಿಜೆ ತರಿಸ್ತಾರ" ಅಂದ.

ತುಂಬ ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ. "ಮಾಮಾ, ಮಾನ್ವ್ಯಾಗ ಆ ಮದುವಿ... ನಾ ಅಂದಿದ್ದು ನಿನಗ ಕೇಳಿಸಿತ್ತೇನು?"

ಅವನು ತಲೆ ಎತ್ತಲಿಲ್ಲ. ಅಂಟಿದ ಕೀಲಿಯನ್ನು ಉಗುರಿನಿಂದ ಬಿಡಿಸುತ್ತಿದ್ದ. "ಡ್ರಮ್ಮಿನ ಸಪ್ಪಳದಾಗ ಏನು ಕೇಳಿಸ್ತದೋ ಮಾರಾಯಾ" ಅಂದ.

ನಾನು ಏನಂದೆ ಅಂತ ಅವನು ಕೇಳಲಿಲ್ಲ. ಯಾವ ಮದುವೆ ಅಂತಲೂ ಕೇಳಲಿಲ್ಲ.

ಆಮೇಲೆ ಫೋನಿನಲ್ಲಿ ವಡವಾಟಿಯವರ ಒಂದು ರಾಗ ಹಚ್ಚಿ ಪಕ್ಕಕ್ಕಿಟ್ಟೆ. ಮಾಮಾ ವಾದ್ಯವನ್ನು ಎದೆಗಾನಿಸಿಕೊಂಡು ಕೂತ. ಆಲಾಪ ನಡೆದಷ್ಟು ಹೊತ್ತೂ ಅವನ ಬೆರಳು ತೂತುಗಳ ಮೇಲೆ ಓಡಾಡುತ್ತಲೇ ಇದ್ದವು, ಉಸಿರಿಲ್ಲದೆ. ಸಂಜೆ ಐದಕ್ಕೆ ರಾಯಚೂರಿನ ಬಸ್ಸು ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಕೀಲಿ ರಿಪೇರಿ ಮಾಡುವವರು ನಮ್ಮ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಲ್ಲಿನ ವಿಚಾರ ನಾನು ನೋಡಿಕೊಳ್ತೀನಿ.