ಅಜ್ಜಯ್ಯನ ಸಣ್ಣ ಕೋವಿ

ಕಳೆದ ಮಳೆಗಾಲದ ಒಂದು ಸಂಜೆ ತೀರ್ಥಹಳ್ಳಿಯ ಕಡೆಯಿಂದ ನಮ್ಮ ಅಣ್ಣಯ್ಯನ ಫೋನು ಬಂತು. ಮಳೆ, ಅಡಿಕೆಯ ಕೊಳೆರೋಗ, ಅತ್ತಿಗೆಯ ಮಂಡಿನೋವು ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, "ಅಜ್ಜಯ್ಯನ ಕೋವಿಗೆ ಏನು ಮಾಡೋಣವೋ? ಚುನಾವಣೆ ಬಂದಾಗಲೆಲ್ಲ ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ಬರುವ ಶಕ್ತಿ ನನಗಿನ್ನಿಲ್ಲ. ಹುಡುಗರಿಗೆ ಬೇಡವಂತೆ. ನಿನಗೆ ಬೇಕಾ?" ಎಂದರು.

ಕೊಚ್ಚಿಯಲ್ಲಿ ಮೂರನೆಯ ಮಹಡಿಯ ಮನೆ ನಮ್ಮದು. ಬಾಲ್ಕನಿಯಲ್ಲಿ ಕಾಗೆ ಬಂದು ಕೂತರೆ ಅದೇ ದೊಡ್ಡ ಬೇಟೆ. ಅಂಥಲ್ಲಿ ನಿಂತು ಈ ಪ್ರಶ್ನೆ ಕೇಳಿದಾಗ ನಮಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಹದಿನೈದರ ಹರೆಯದಲ್ಲಿ ಆ ಕೋವಿಗಾಗಿ ನಾವು ಪಟ್ಟಷ್ಟು ಆಸೆಯನ್ನು ಆಮೇಲೆ ಯಾವ ವಸ್ತುವಿಗೂ ಪಟ್ಟಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದು ಫೋನು ಇಟ್ಟೆವು.

ಅದು ಇಪ್ಪತ್ತೆಂಟು ಬೋರಿನ ಒಂಟಿ ನಳಿಕೆಯ ಕೋವಿ. ಬೋರಿನ ಲೆಕ್ಕ ಗೊತ್ತಿಲ್ಲದ ವಾಚಕರಿಗೆ ಒಂದು ಮಾತು. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮನಾದ ಗುಂಡುಗಳನ್ನು ಮಾಡಿದರೆ, ಅಂಥ ಒಂದು ಗುಂಡು ಯಾವ ನಳಿಕೆಗೆ ಸರಿಯಾಗಿ ಕೂರುತ್ತದೆಯೋ ಅದು 12 ಬೋರು. ಇಪ್ಪತ್ತೆಂಟು ಗುಂಡು ಮಾಡಿದರೆ ಅದು 28. ಆದಕಾರಣ ಸಂಖ್ಯೆ ದೊಡ್ಡದಾದಷ್ಟೂ ಕೋವಿ ಸಣ್ಣದು. 12ರ ನಳಿಕೆ ಸುಮಾರು 18.5 ಮಿಲಿಮೀಟರ್ ಅಗಲ, 28ರದು ಸುಮಾರು 14. 410 ಎಂಬ ಇನ್ನೂ ಸಣ್ಣ ಕೋವಿಯೊಂದುಂಟು. ಅದಕ್ಕೆ ಮಾತ್ರ ಈ ಲೆಕ್ಕವಿಲ್ಲ. ನಳಿಕೆಯ ಅಗಲ ಅಂಗುಲದ ಸಾವಿರದಲ್ಲಿ 410 ಪಾಲು ಎಂದಷ್ಟೇ ಅದರ ಅರ್ಥ. ಈ ಪಾಠವನ್ನು ನಮ್ಮ ಮೊಮ್ಮಗಳಿಗೆ ಹೇಳಿದಾಗ ಅವಳು, "ಅಜ್ಜಾ, ನಿನ್ನ ಕಥೆಯೂ ಇಪ್ಪತ್ತೆಂಟು ಬೋರು" ಎಂದುಬಿಟ್ಟಳು. ಇರಲಿ.

ಸಣ್ಣ ಕೋವಿಯ ಆಕರ್ಷಣೆ ಎತ್ತಿ ಹಿಡಿದವರಿಗೇ ಗೊತ್ತು. ಕೈಗೆ ಹಗುರ. ಗುಡ್ಡವೆಲ್ಲ ಸುತ್ತಿದರೂ ಹೆಗಲು ಸೋಲದು. ಈಡು ಹಾರಿಸಿದಾಗ ಭುಜಕ್ಕೆ ಗುದ್ದುವುದಿಲ್ಲ, ತಟ್ಟುತ್ತದೆ. ಆದರೆ ಅದರ ತೋಟಾದಲ್ಲಿ ಹಿಡಿಯುವ ಸೀಸದ ಸಣ್ಣ ಗುಂಡುಗಳು ಹೆಚ್ಚೆಂದರೆ ಮುಕ್ಕಾಲು ಔನ್ಸಿನ ಆಸುಪಾಸು. ಹನ್ನೆರಡರದರಲ್ಲಿ ಒಂದು ಔನ್ಸಿಗೂ ಮೇಲೆ. ಗುಂಡು ಕಡಿಮೆಯಾದ್ದರಿಂದ ದೂರದ ಹಕ್ಕಿಗೆ ಹೊಡೆದರೆ ಒಂದೆರಡು ತಾಗಿ ಗಾಯವಾಗುತ್ತದೆಯೇ ಹೊರತು ಸಾಯುವುದಿಲ್ಲ. ಸಣ್ಣ ಕೋವಿ ತಾನಾಗಿ ದಯಾಳುವಲ್ಲ. ಅವಸರದವನ ಕೈಯಲ್ಲಿ ಅದು ದೊಡ್ಡದಕ್ಕಿಂತ ಕ್ರೂರ. ಇಪ್ಪತ್ತೈದು ಮೂವತ್ತು ಗಜದೊಳಗೆ ಹೋಗಬಲ್ಲವನಿಗೆ ಮಾತ್ರ ಅದು ತಕ್ಕುದು. ಅಷ್ಟು ಹತ್ತಿರ ಹೋಗಬೇಕಾದರೆ ಹಕ್ಕಿ ಯಾವ ಮರದ ಹಣ್ಣಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಗಾಳಿ ಎತ್ತ, ನೆರಳು ಎತ್ತ ಎಂಬುದೆಲ್ಲ ತಿಳಿದಿರಬೇಕು. "ಹಕ್ಕಿಯ ಕಣ್ಣು ಕಾಣುವ ತನಕ ಕೋವಿ ಎತ್ತಬೇಡ" ಎಂಬುದು ಅಜ್ಜಯ್ಯನ ಕಟ್ಟುನಿಟ್ಟಿನ ಮಾತು. ಕಣ್ಣು ಕಾಣದೆ ಬರಿಗೈಯಲ್ಲಿ ಮರಳಿ ಬಂದ ದಿನಗಳೇ ಅವರಿಗೆ ಹೆಚ್ಚು. ಅಜ್ಜಮ್ಮ ಆ ದಿನಗಳಲ್ಲಿ ಸೌತೆಕಾಯಿ ಹುಳಿ ಮಾಡಿ ಬಡಿಸುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ.

1966ರ ಬೇಸಗೆಯಲ್ಲಿ ನಮ್ಮ ತೋಟದ ಮೇಲಿನ ಬಸರಿ ಮರ ಹಣ್ಣು ಬಿಟ್ಟು, ಹಸಿರು ಪಾರಿವಾಳಗಳು ಹಿಂಡುಹಿಂಡಾಗಿ ಇಳಿದವು. ಕೋವಿ ಕೊಡಿ ಎಂದು ಕೇಳಿದೆವು. "ನಿನಗಿನ್ನೂ ಕಾಯಲು ಬರುವುದಿಲ್ಲ" ಎಂದರು ಅಜ್ಜಯ್ಯ. ನಮಗೆ ರೋಷ. ನೆರೆಮನೆಯ ಗೆಳೆಯನನ್ನು ಪುಸಲಾಯಿಸಿ ಅವರ ಮನೆಯ ಹನ್ನೆರಡರ ಜೋಡಿ ನಳಿಕೆ ಕೋವಿಯನ್ನು ಗುಟ್ಟಾಗಿ ತಂದು, ದೂರದಿಂದಲೇ ಹಿಂಡಿನ ನಡುವೆ ಎರಡು ಈಡು ಹಾರಿಸಿದೆವು. ಮೂರು ಹಕ್ಕಿ ಕಾಲ ಬುಡಕ್ಕೆ ಬಿದ್ದವು. ಮಿಕ್ಕವು ರೆಕ್ಕೆ ಬಡಿಯುತ್ತ ಇಳಿಜಾರಿನ ಮುಳ್ಳುಹಿಂಡಿಲಿನೊಳಗೆ ಉರುಳಿದವು. ಎಷ್ಟೆಂದು ನಾವು ಎಣಿಸಲಿಲ್ಲ.

ಈಡಿನ ಸದ್ದಿನಿಂದಲೇ ಅಜ್ಜಯ್ಯನಿಗೆ ಅದು ಯಾವ ಕೋವಿಯೆಂದು ತಿಳಿದಿತ್ತು. ಬಂದವರು ಬೈಯಲಿಲ್ಲ. ಕತ್ತಿ ಹಿಡಿದು ಹಿಂಡಿಲಿಗೆ ಇಳಿದರು. ಕತ್ತಲಾದ ಮೇಲೆ ಬ್ಯಾಟರಿ ತರಿಸಿಕೊಂಡು ಹುಡುಕಿದರು. ಎರಡು ಸಿಕ್ಕವು, ಜೀವಂತವಾಗಿ. ಅವುಗಳ ಸಂಕಟವನ್ನು ಅವರೇ ತಮ್ಮ ಕೈಯಿಂದ ಮುಗಿಸಿದರು. ಮನೆಗೆ ಬರುವಾಗ ಅವರ ಮೊಣಕೈವರೆಗೆ ಮುಳ್ಳು ಗೀರಿತ್ತು. ಕಾಲು ತೊಳೆಯುತ್ತ ಇಷ್ಟೇ ಹೇಳಿದರು: "ದೊಡ್ಡ ಕೋವಿ ಹತ್ತಿರ ಹೋಗುವ ಕಷ್ಟ ತಪ್ಪಿಸುತ್ತದೆ ಮಗಾ. ಆ ಕಷ್ಟ ಹಕ್ಕಿಗೆ ಹೋಗುತ್ತದೆ." ಅವರು ಇರುವ ತನಕ ಸಣ್ಣ ಕೋವಿಯನ್ನು ನಮ್ಮ ಕೈಗೆ ಕೊಡಲಿಲ್ಲ, ನಾವು ಮತ್ತೆ ಕೇಳಲೂ ಇಲ್ಲ.

ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಬೇಟೆಗೆ ಪರವಾನಗಿ ಕೊಡುವ ಪದ್ಧತಿಯೇ ನಿಂತಿತು. ಕೋವಿ ಊರಿನ ಕೋಣೆಯಲ್ಲಿ ಉಳಿಯಿತು. ಹೊಟ್ಟೆಪಾಡು ನಮ್ಮನ್ನು ಕೊಚ್ಚಿಗೆ ತಂದಿತು.

ಅಣ್ಣಯ್ಯನಿಗೆ ಉತ್ತರ ಹೇಳದೆ ನಾವು ತಿರುವನಂತಪುರಕ್ಕೆ ಮಗನ ಮನೆಗೆ ಹೋದೆವು. ಮೊಮ್ಮಗಳಿಗೆ ಹನ್ನೊಂದು ವರ್ಷ, ಹಕ್ಕಿಗಳ ಹುಚ್ಚು. ಅಲ್ಲಿನ ಮ್ಯೂಸಿಯಂ ಆವರಣದ ಪ್ರಾಣಿಶಾಸ್ತ್ರ ಸಂಗ್ರಹಕ್ಕೆ ನಮ್ಮನ್ನು ಎಳೆದುಕೊಂಡು ಹೋದಳು. ಗಾಜಿನ ಹಿಂದೆ ಹುಲ್ಲು ತುಂಬಿದ ಹಕ್ಕಿಗಳ ಸಾಲು. ಹಿಂದೆ ಹಕ್ಕಿಗಳನ್ನು ಅಧ್ಯಯನ ಮಾಡುವವರೂ ಕೋವಿ ಹಿಡಿದೇ ಹೋಗುತ್ತಿದ್ದರೆಂದೂ, ಚರ್ಮ ಹರಿಯಬಾರದೆಂದು 410ರಂಥ ಪುಟ್ಟ ಕೋವಿಯಲ್ಲಿ ರವೆಯಷ್ಟು ಸಣ್ಣ ಗುಂಡು ತುಂಬುತ್ತಿದ್ದರೆಂದೂ ಅವಳಿಗೆ ಹೇಳಿದೆವು. 1933ರಲ್ಲಿ ಸಲೀಂ ಅಲಿಯವರು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಸಿದ್ದು ಹಾಗೆ ಹಕ್ಕಿ ಹೊಡೆದು ಗುರುತಿಸುತ್ತಿದ್ದ ಕಾಲದಲ್ಲೇ. 2009ರಲ್ಲಿ ಕೇರಳದ ಪಕ್ಷಿತಜ್ಞರು ಅದೇ ಜಾಗಗಳಿಗೆ ಮತ್ತೆ ಹೋಗಿ ಹಕ್ಕಿಗಳನ್ನು ಲೆಕ್ಕ ಹಾಕಿದರು. ಈ ಸಲ ಕೈಯಲ್ಲಿದ್ದುದು ದುರ್ಬೀನು.

ಹುಡುಗಿ ಗಾಜಿಗೆ ಮೂಗು ಒತ್ತಿಕೊಂಡು, "ಇಷ್ಟು ಹತ್ತಿರದಿಂದ ನೋಡಬಹುದು, ಆದರೆ ಕಣ್ಣು ಗಾಜಿನದು" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, "ಅಜ್ಜಾ, ನೀನು ಹೊಡೆದಿದ್ದೀಯಾ?" ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಸರಿ ಮರದ ಕಥೆಯನ್ನು ಪೂರ್ತಿ ಹೇಳಿದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಸಿಗದೆ ಹೋದವು ಎಷ್ಟು?" ಎಂದಳು. ಐವತ್ತು ವರ್ಷ ದಾಟಿದ ಮೇಲೆ ಲೆಕ್ಕ ಕೇಳುವವರು ಬಂದಿದ್ದರು, ನಮ್ಮಲ್ಲಿ ಲೆಕ್ಕವಿರಲಿಲ್ಲ.

ರಜೆಯಲ್ಲಿ ಅವಳು ಕೊಚ್ಚಿಗೆ ಬಂದಾಗ ಕೊತ್ತಮಂಗಲದ ಮೇಲಿಂದ ತಟ್ಟೇಕ್ಕಾಡಿಗೆ ಕರೆದೊಯ್ದೆವು. ಸಲೀಂ ಅಲಿಯವರು ಮೆಚ್ಚಿದ್ದ, ಪೆರಿಯಾರ್ ನದಿಯ ದಂಡೆಯ ಈ ಕಾಡು 1983ರಲ್ಲಿ ಪಕ್ಷಿಧಾಮವಾಯಿತು. ಈಗ ಅವರ ಹೆಸರನ್ನೇ ಹೊತ್ತಿದೆ. ನಮ್ಮ ಮಾರ್ಗದರ್ಶಿ ಬಿದಿರ ಮೆಳೆಯೊಂದರ ಮುಂದೆ ನಿಲ್ಲಿಸಿ ಬೆರಳು ತೋರಿದ. ನಮಗೆ ಒಣಗಿದ ಎಲೆಗಳ ಹೊರತು ಏನೂ ಕಾಣಲಿಲ್ಲ. ಮೊಮ್ಮಗಳು ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆಯಿಟ್ಟು, ನಿಂತು, ಕಾದು, ಮತ್ತೆ ಹೆಜ್ಜೆಯಿಟ್ಟಳು. ಆಮೇಲೆ ಪಿಸುದನಿಯಲ್ಲಿ, "ಎರಡಿವೆ ಅಜ್ಜಾ. ಒಂದಕ್ಕೊಂದು ಅಂಟಿ ಕೂತಿವೆ. ಒಂದು ಅರೆಗಣ್ಣು ಬಿಟ್ಟಿದೆ" ಎಂದಳು. ಕಪ್ಪೆಬಾಯಿ ಹಕ್ಕಿಗಳ ಜೋಡಿ. ನಡುವಿನ ದೂರ ಹತ್ತು ಗಜವೂ ಇರಲಿಲ್ಲ.

ಅಜ್ಜಯ್ಯ ನಮಗೆ ಕಲಿಸಲಾಗದೆ ಸೋತದ್ದು ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಸಣ್ಣ ಕೋವಿಯಲ್ಲಿ ನಾವು ಬಯಸಿದ್ದು ಕೋವಿಯನ್ನೋ, ಹಾಗೆ ಹತ್ತಿರ ಹೋಗಿ ನಿಲ್ಲುವ ಅಜ್ಜಯ್ಯನ ಯೋಗ್ಯತೆಯನ್ನೋ ಎಂದು ಆ ಬಿದಿರ ಮೆಳೆಯ ಮುಂದೆ ನಮಗೆ ಅನುಮಾನ ಬಂತು.

ಅಂದು ರಾತ್ರಿಯೇ ಅಣ್ಣಯ್ಯನಿಗೆ ಫೋನು ಮಾಡಿ, "ಕೋವಿಯನ್ನು ಕಾನೂನು ಪ್ರಕಾರ ಒಪ್ಪಿಸಿಬಿಡಿ. ಅಜ್ಜಯ್ಯನ ತೋಟಾ ಚೀಲ ಇದ್ದರೆ ಅದನ್ನು ಮಾತ್ರ ಕಳಿಸಿ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹಾಗೇ ಅನ್ನಿಸಿತ್ತು ಕಣೋ, ನೀನು ನೊಂದುಕೊಳ್ಳುತ್ತೀಯೇನೋ ಅಂತ ಹೇಳಲಿಲ್ಲ" ಎಂದರು.

ಚೀಲ ಅಂಚೆಯಲ್ಲಿ ಬಂತು. ಚರ್ಮ ಬಿರುಕು ಬಿಟ್ಟಿದೆ, ಒಳಗೆ ಇನ್ನೂ ಎಣ್ಣೆಯ ವಾಸನೆ ಇದೆ. ನಮ್ಮ ಮನೆಯವರು ಬಿಸಿಲಿಗಿಟ್ಟು, ಹರಿದ ಹೊಲಿಗೆಯನ್ನು ಸರಿಮಾಡಿಕೊಟ್ಟರು. ಈಗ ಅದು ತಿರುವನಂತಪುರದಲ್ಲಿದೆ. ಹುಡುಗಿ ಅದರಲ್ಲಿ ತನ್ನ ದುರ್ಬೀನು ಮತ್ತು ಒಂದು ನೋಟುಬುಕ್ಕು ಇಟ್ಟುಕೊಂಡಿದ್ದಾಳೆ. ನೋಡಿದ ಹಕ್ಕಿಗಳನ್ನು ಒಂದೂ ಬಿಡದೆ ಎಣಿಸಿ ಬರೆಯುತ್ತಾಳೆ.