ಅರಮನೆಯೊಳಗೊಂದು ಹಳ್ಳಿ

ತುಮಕೂರಿನಿಂದ ಕುಣಿಗಲ್, ಯಡಿಯೂರು, ನಾಗಮಂಗಲಗಳನ್ನು ಹಾಯ್ದು ಮೈಸೂರನ್ನು ಸೇರುವ ದಾರಿ ಪ್ರಯಾಣಿಕರಿಗೆ ಬೇಸರ ತರುವಂತಹುದಲ್ಲ. ತೆಂಗಿನ ತೋಟಗಳು, ಕುಣಿಗಲ್ಲಿನ ಹಿರಿಯ ಕೆರೆ, ರಾಗಿಯ ಹೊಲಗಳು ಒಂದರ ಹಿಂದೊಂದು ಸರಿಯುತ್ತವೆ. ಕೆಲವು ವರ್ಷಗಳ ಹಿಂದೆ ಗುಬ್ಬಿಯ ಸಂಸಾರವೊಂದು ಈ ದಾರಿಯಲ್ಲಿ ಹೊರಟಿತು. ಉಪಾಧ್ಯಾಯರಾದ ತಂದೆ, ಅವರ ವೃದ್ಧ ತಾಯಿ, ಹತ್ತು ವರ್ಷದ ಮಗಳು, ಮೂವರೇ. ಅರಮನೆ, ಮೃಗಾಲಯಗಳನ್ನು ನೋಡಿಯಾದ ಮೇಲೆ ಅವರು ಮಾನಸಗಂಗೋತ್ರಿಗೂ ಹೋದರು.

ಮೈಸೂರು ವಿಶ್ವವಿದ್ಯಾನಿಲಯದ ಈ ಆವರಣಕ್ಕೆ ಹೆಸರಿಟ್ಟವರು ಕುವೆಂಪು. ಅಲ್ಲಿಯ ಜಯಲಕ್ಷ್ಮೀವಿಲಾಸವು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಎದ್ದ ಸೌಧ. 1968ರಲ್ಲಿ ಸ್ಥಾಪಿತವಾದ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡದ್ದು ಈ ಸೌಧದಲ್ಲಿಯೇ. ನಾಗಮಂಗಲ ಸೀಮೆಯವರಾದ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ ಕೂಡಿದ ವಸ್ತುಗಳು 6,000ಕ್ಕೂ ಮಿಕ್ಕವು. ರಾಜಕುಮಾರಿಯ ಮನೆಯಲ್ಲಿ ಒಕ್ಕಲಿಗನ ನೇಗಿಲಿಗೆ, ತೊಗಲುಬೊಂಬೆಗೆ, ಯಕ್ಷಗಾನದ ಕಿರೀಟಕ್ಕೆ ಸ್ಥಾನ ದೊರೆಯಿತು.

ಅಜ್ಜಿ ಸೋಮನ ಮುಖವಾಡದ ಮುಂದೆ ನಿಂತರು. ತುಮಕೂರು ಸೀಮೆಯ ಗ್ರಾಮದೇವತೆಗಳ ಜಾತ್ರೆಯಲ್ಲಿ ಅರೆವಾದ್ಯದ ಸದ್ದಿಗೆ ಕುಣಿದು ಬರುವ ಅದೇ ಅಗಲವಾದ ಮುಖ, ಅದೇ ಉರಿಗಣ್ಣು. ಆಕೆ ಸದ್ದಿಲ್ಲದೆ ಚಪ್ಪಲಿ ಕಳಚಿ ಕೈಮುಗಿದರು. ನೋಡುವವರಿಗೆ ಅದು ಬಣ್ಣ ಬಳಿದ ಮರ; ಆಕೆಗೆ ದೇವರ ಕಾವಲುಗಾರ.

ಮುಂದೆ ಅಳತೆಯ ಪಾತ್ರೆಗಳು. ಸೇರು, ಪಾವು, ಬಳ್ಳ, ಕೊಳಗ. ಮೊಮ್ಮಗಳು ಹೆಸರುಗಳನ್ನೇನೋ ಓದಿದಳು, ಅರ್ಥವಾಗಲಿಲ್ಲ. ಅಜ್ಜಿ ಬರಿಗೈಯಲ್ಲೇ ರಾಗಿ ಅಳೆದು ತೋರಿಸಿದರು: “ಲಾಭ... ಎರಡು... ಮೂರು...”

“ಒಂದು ಎನ್ನಲೇ ಇಲ್ಲವಲ್ಲ, ಅಜ್ಜಿ?”

“ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯದನ್ನು ಲಾಭ ಎಂದೇ ಎಣಿಸಬೇಕು, ಮಗು. ಮುಂದಿನ ವರ್ಷವೂ ಬೆಳೆ ಬರಬೇಡವೇ?”

ತಂದೆ ಬೆರಗಾದರು. ಅವರು ಹುಟ್ಟಿ ಬೆಳೆದದ್ದು ಅದೇ ಮನೆಯಲ್ಲಿ. ಈ ಮಾತನ್ನು ಕೇಳಿದ್ದು ಮಾತ್ರ ಇಲ್ಲಿ. ಕೊಳಗವನ್ನು ಕಾಪಾಡಲು ವಸ್ತುಸಂಗ್ರಹಾಲಯವುಂಟು. ಆದರೆ ಆ ಎಣಿಕೆಯ ಮಾತನ್ನು ಮನೆಯ ಮಕ್ಕಳಲ್ಲದೆ ಬೇರೆ ಯಾರು ಕಾಪಾಡಬೇಕು?

ಗುಬ್ಬಿಯ ಮನೆಯ ಅಟ್ಟದಲ್ಲಿಯೂ ಒಂದು ಕೊಳಗವಿತ್ತು. ಹಳೆಯ ಸಾಮಾನಿನವನಿಗೆ ಕೊಟ್ಟುಬಿಡುವುದೆಂದು ತೀರ್ಮಾನವಾಗಿತ್ತು. ಊರು ಸೇರಿದ ಮರುದಿನ ಬೆಳಿಗ್ಗೆ ತಂದೆ ಅದನ್ನು ಕೆಳಗಿಳಿಸಿ ಧೂಳು ಒರೆಸಿದರು. ಹುಡುಗಿ ರಾಗಿಯ ಚೀಲದ ಮುಂದೆ ಕುಳಿತು ಅಳೆಯತೊಡಗಿದಳು. ಒಳಗಿನಿಂದ ಅಜ್ಜಿ ಕಿವಿಗೊಟ್ಟು ಆಲಿಸಿದರು: “ಲಾಭ...”